ಮಳೆಯಿಲ್ಲದ ಮಂಗಳದಲ್ಲಿ ನೀರಾವಿಯ ಋತುಗಳು

(ಪುನರ್ವಸು ಮಳೆಯ ದಿನಗಳಲ್ಲಿ ಕಲಬುರಗಿಯ ಕಾಲೇಜೊಂದರ ಸಭಾಂಗಣದಲ್ಲಿ ಮಾಡಿದ ಸಾರ್ವಜನಿಕ ಉಪನ್ಯಾಸದ ಬರಹ ರೂಪ ಇದು. ಮಾತಿನಲ್ಲಿ ನುಸುಳಿದ ಪುನರುಕ್ತಿಗಳನ್ನು ತೆಗೆದಿದ್ದೇನೆ. ಸಮಯ ಸಾಲದೆ ಅಂದು ಬಿಟ್ಟುಹೋದ ಕೆಲವು ಸಂಗತಿಗಳನ್ನು ಸೇರಿಸಿದ್ದೇನೆ.)

ಈ ಮೇಜಿನ ಮೇಲೆ ಒಂದು ಸ್ಟೀಲ್ ಲೋಟ ಇದೆ. ಸಭೆ ಶುರುವಾಗುವ ಹತ್ತು ನಿಮಿಷ ಮೊದಲು ಕ್ಯಾಂಟೀನಿನಿಂದ ಐಸ್ ತರಿಸಿ ಇದರಲ್ಲಿ ಹಾಕಿಸಿದೆ. ಈಗ ನೋಡಿದರೆ ಲೋಟದ ಹೊರಮೈ ಮೊದಲು ಮಂಕಾಗಿ, ಆ ಮಂಕೇ ಸಣ್ಣ ಹನಿಗಳಾಗಿ, ಹನಿಗಳು ಒಂದಕ್ಕೊಂದು ಕೂಡಿಕೊಂಡು ಕೆಳಗೆ ಜಾರಿ ಮೇಜಿನ ಬಟ್ಟೆಯನ್ನು ಒದ್ದೆ ಮಾಡಿವೆ. ಲೋಟದೊಳಗಿನ ನೀರು ಹೊರಗೆ ಜಿನುಗಿಲ್ಲ, ಈ ಸಭಾಂಗಣದ ಗಾಳಿಯಲ್ಲಿ ಕಾಣದಂತೆ ಇದ್ದ ನೀರು ತಣ್ಣನೆಯ ಮೈ ಸಿಕ್ಕೊಡನೆ ಅಲ್ಲಿ ಬಂದು ಕುಳಿತಿದೆ ಎಂಬುದು ನಿಮಗೆಲ್ಲ ಗೊತ್ತೇ ಇದೆ. ಇದೇ ಲೋಟವನ್ನು ಇದೇ ಮೇಜಿನ ಮೇಲೆ ಮೇ ತಿಂಗಳ ಮಧ್ಯಾಹ್ನ ಇಟ್ಟಿದ್ದರೆ ಹನಿ ಕಾಣಲು ಬಹಳ ಹೊತ್ತು ಕಾಯಬೇಕಿತ್ತು. ನಮ್ಮೂರಿನ ಮನೆಮನೆಯ ಕೂಲರುಗಳೂ ಇದೇ ಮಾತನ್ನು ಹೇಳುತ್ತವೆ. ಹೊರಗೆ 43 ಡಿಗ್ರಿ ಬಿಸಿಲಿದ್ದಾಗ ಅವು ಕೋಣೆಯನ್ನು ತಂಪಾಗಿಸುತ್ತವೆ. ಜುಲೈ ಬಂದೊಡನೆ ಅದೇ ಕೂಲರ್ ಅಂಟು ಅಂಟಾದ ಗಾಳಿಯನ್ನು ಮುಖಕ್ಕೆ ಬೀಸುತ್ತದೆಯೇ ಹೊರತು ತಂಪು ಮಾಡುವುದಿಲ್ಲ. ಮೇ ತಿಂಗಳ ಗಾಳಿಗೆ ಇನ್ನೂ ನೀರು ಕುಡಿಯುವ ಹಸಿವಿರುತ್ತದೆ, ಜುಲೈ ಗಾಳಿಯ ಹೊಟ್ಟೆ ಆಗಲೇ ತುಂಬಿರುತ್ತದೆ.

ಗಾಳಿಯಲ್ಲಿ ಎಷ್ಟು ನೀರಾವಿ ಇರಬಹುದು ಎಂಬುದಕ್ಕೆ ಒಂದು ಮೇಲ್ಮಿತಿ ಉಂಟು, ಆ ಮಿತಿಯನ್ನು ಉಷ್ಣತೆ ನಿರ್ಧರಿಸುತ್ತದೆ. ಇಂದಿನ ಮಾತೆಲ್ಲ ಈ ಒಂದು ನಿಯಮದ ಮೇಲೆಯೇ ನಿಂತಿದೆ. ಆದ್ದರಿಂದ ಅದರ ಪ್ರಮಾಣವನ್ನು ಕೊಂಚ ಬಿಡಿಸಿ ಹೇಳಬೇಕು. ನಮ್ಮ ಊರಿನಲ್ಲಿ ಉಷ್ಣತೆ 30 ಡಿಗ್ರಿಯಿಂದ 20 ಡಿಗ್ರಿಗೆ ಇಳಿದರೆ ಮಿತಿ ಹೆಚ್ಚುಕಡಿಮೆ ಅರ್ಧಕ್ಕೆ ಬರುತ್ತದೆ. ಆದರೆ ಮೈನಸ್ 73 ಡಿಗ್ರಿಯಿಂದ ಇನ್ನೂ 10 ಡಿಗ್ರಿ ಕೆಳಗೆ ಇಳಿದರೆ ಅದು ಐದರಲ್ಲಿ ಒಂದು ಭಾಗಕ್ಕೆ ಕುಸಿಯುತ್ತದೆ. ಚಳಿ ಹೆಚ್ಚಿದಂತೆಲ್ಲ ಈ ನಿಯಮ ಇನ್ನಷ್ಟು ಕಠೋರವಾಗುತ್ತದೆ. ಮಂಗಳ ಗ್ರಹದ ವಾತಾವರಣದ ಬಹುಭಾಗ ಇರುವುದು ಇಂತಹ ಚಳಿಯಲ್ಲೇ. ಅಲ್ಲಿ ಹತ್ತು ಡಿಗ್ರಿ ಎಂದರೆ ಸಣ್ಣ ಮಾತಲ್ಲ. ನೀರಾವಿ ಎಲ್ಲಿಗೆ ಹೋಗಬಹುದು, ಎಲ್ಲಿ ಹೆಪ್ಪುಗಟ್ಟಿ ನಿಲ್ಲಬೇಕು ಎಂಬುದನ್ನು ಆ ಹತ್ತು ಡಿಗ್ರಿಯೇ ತೀರ್ಮಾನಿಸುತ್ತದೆ.

ಮಂಗಳದ ಗಾಳಿಯಲ್ಲಿ ಇರುವ ನೀರೆಷ್ಟು? ವಿಜ್ಞಾನಿಗಳು ಇದನ್ನು ಅಳೆಯುವ ರೀತಿ ನಮ್ಮ ಮಳೆಮಾಪನದ ರೀತಿಯನ್ನೇ ಹೋಲುತ್ತದೆ. ಒಂದು ಜಾಗದ ಮೇಲೆ ನೆಲದಿಂದ ಆಕಾಶದ ತುದಿಯವರೆಗಿನ ಗಾಳಿಯ ಕಂಬದಲ್ಲಿರುವ ಆವಿಯನ್ನೆಲ್ಲ ಹಿಂಡಿ ನೆಲದ ಮೇಲೆ ಹರಡಿದರೆ ಎಷ್ಟು ದಪ್ಪದ ನೀರಿನ ಪದರ ಆಗುತ್ತದೆ ಎಂದು ಕೇಳುತ್ತಾರೆ. ಭೂಮಿಯಲ್ಲಿ ಅದರ ಸರಾಸರಿ ಸುಮಾರು 25 ಮಿಲಿಮೀಟರ್. ಇಂತಹ ಮುಂಗಾರಿನ ದಿನಗಳಲ್ಲಿ ನಮ್ಮ ನೆತ್ತಿಯ ಮೇಲೆ ಅದರ ಎರಡರಷ್ಟು ನೀರಿರಬಹುದು. ಮಂಗಳದಲ್ಲಿ ಆ ಸರಾಸರಿ ಸುಮಾರು 10 ಮೈಕ್ರಾನ್, ಅಂದರೆ ಮಿಲಿಮೀಟರಿನ ನೂರರಲ್ಲಿ ಒಂದು ಭಾಗ. ಊಟದ ಡಬ್ಬಿಯಲ್ಲಿ ಚಪಾತಿ ಸುತ್ತಿಕೊಡುವ ಅಲ್ಯೂಮಿನಿಯಂ ಹಾಳೆಯ ದಪ್ಪವೂ ಹೆಚ್ಚುಕಡಿಮೆ ಅಷ್ಟೇ.

ಆದರೆ ತೆಳುವಾದದ್ದನ್ನು ಇಡೀ ಗ್ರಹದ ಮೇಲೆ ಹರಡಿದಾಗ ಲೆಕ್ಕ ಬೇರೆಯಾಗುತ್ತದೆ. ಮಂಗಳದ ಮೇಲ್ಮೈ ಸುಮಾರು 14.4 ಕೋಟಿ ಚದರ ಕಿಲೋಮೀಟರ್. ಅದನ್ನು 10 ಮೈಕ್ರಾನಿನಿಂದ ಗುಣಿಸಿದರೆ ಸುಮಾರು 1.4 ಘನ ಕಿಲೋಮೀಟರ್ ನೀರಾಗುತ್ತದೆ, ನಮ್ಮ ನೀರಾವರಿ ಇಲಾಖೆಯ ಭಾಷೆಯಲ್ಲಿ 50 ಟಿಎಂಸಿ. ಯಾದಗಿರಿ ಜಿಲ್ಲೆಯ ಗದ್ದೆಗಳಿಗೆ ನೀರು ಕೊಡುವ ನಾರಾಯಣಪುರದ ಬಸವಸಾಗರ ಜಲಾಶಯದಲ್ಲಿ 33 ಟಿಎಂಸಿ ನಿಲ್ಲುತ್ತದೆ, ಆಲಮಟ್ಟಿಯಲ್ಲಿ 123. ಎಂದರೆ ಒಂದು ಇಡೀ ಗ್ರಹದ ಆಕಾಶದಲ್ಲಿರುವ ನೀರನ್ನೆಲ್ಲ ಇಳಿಸಿ ತಂದರೂ ಆಲಮಟ್ಟಿ ಅರ್ಧ ತುಂಬುವುದಿಲ್ಲ. ಇಷ್ಟು ಕಡಿಮೆ ನೀರಿನ ಬಗ್ಗೆ ಒಂದು ಸಂಜೆಯ ಉಪನ್ಯಾಸ ಯಾಕೆ ಬೇಕು ಎಂದು ಯಾರಾದರೂ ಕೇಳಿದರೆ ಅದು ನ್ಯಾಯವಾದ ಪ್ರಶ್ನೆಯೇ. ಆ ನೀರು ಎಷ್ಟಿದೆ ಎಂಬುದಕ್ಕಿಂತ ಅದು ಯಾವ ಋತುವಿನಲ್ಲಿ ಎಷ್ಟು ಎತ್ತರಕ್ಕೆ ಏರುತ್ತದೆ ಎಂಬುದು ಮುಖ್ಯ ಎಂದು ನನ್ನ ಉತ್ತರ. ಅದು ಯಾಕೆಂದು ಮುಂದೆ ಹೇಳುತ್ತೇನೆ.

ಈ ನೀರನ್ನು ಕಂಡುಹಿಡಿದ ಬಗೆಯನ್ನು ಹೇಳದೆ ಮುಂದೆ ಹೋಗಲಾರೆ. ಮಂಗಳದ ಬೆಳಕನ್ನು ಪಟ್ಟಕದಿಂದ ಒಡೆದು ಅದರ ರೋಹಿತದಲ್ಲಿ ನೀರಾವಿಯ ಕಪ್ಪು ಗೆರೆಗಳನ್ನು ಹುಡುಕುವುದು ಹತ್ತೊಂಬತ್ತನೆಯ ಶತಮಾನದಲ್ಲೇ ಶುರುವಾಗಿತ್ತು. ತೊಡಕು ಏನೆಂದರೆ ಆ ಬೆಳಕು ನಮ್ಮ ದೂರದರ್ಶಕಕ್ಕೆ ಬರುವ ಮೊದಲು ಭೂಮಿಯ ಗಾಳಿಯನ್ನು ದಾಟಬೇಕು. ಇಲ್ಲಿನ ಗಾಳಿಯಲ್ಲಿ ಅಲ್ಲಿಗಿಂತ ಸಾವಿರಾರು ಪಟ್ಟು ಹೆಚ್ಚು ನೀರಿದೆ. ತುಂಬಿದ ಸಂತೆಯಲ್ಲಿ ನಿಂತು ಆಚೆ ಓಣಿಯ ಪಿಸುಮಾತು ಕೇಳಲು ಹೊರಟಂತೆ ಅದು. 1909ರಲ್ಲಿ ಅಮೆರಿಕದ ಖಗೋಳವಿಜ್ಞಾನಿ ಕ್ಯಾಂಪ್‌ಬೆಲ್ ಭೂಮಿಯ ತೇವದಿಂದ ತಪ್ಪಿಸಿಕೊಳ್ಳಲೆಂದೇ ಉಪಕರಣಗಳನ್ನು ಹೊರಿಸಿಕೊಂಡು 4,400 ಮೀಟರಿಗೂ ಎತ್ತರದ ವಿಟ್ನಿ ಶಿಖರವನ್ನು ಹತ್ತಿದರು. ಅಲ್ಲಿಂದಲೂ ಮಂಗಳದ ನೀರು ಕಾಣಲಿಲ್ಲ. 1963ರ ಏಪ್ರಿಲ್‌ನಲ್ಲಿ ಸ್ಪಿನ್‌ರಾಡ್, ಮ್ಯೂಂಕ್ ಮತ್ತು ಕಪ್ಲಾನ್ ಎಂಬ ಮೂವರು ಮೌಂಟ್ ವಿಲ್ಸನ್‌ನ ನೂರು ಅಂಗುಲದ ದೂರದರ್ಶಕದಿಂದ ಇದನ್ನು ಜಾಣತನದಿಂದ ಸಾಧಿಸಿದರು. ಆಗ ಮಂಗಳ ನಮ್ಮಿಂದ ದೂರ ಸರಿಯುತ್ತಿತ್ತು. ದೂರ ಸರಿಯುವ ವಸ್ತುವಿನ ಗೆರೆಗಳು ಡಾಪ್ಲರ್ ಪಲ್ಲಟದಿಂದ ಕೆಂಪಿನ ಕಡೆಗೆ ಒಂದಿಷ್ಟು ಜರುಗುತ್ತವೆ. ಭೂಮಿಯ ನೀರಿನ ದಪ್ಪ ಗೆರೆಗಳ ಪಕ್ಕದಲ್ಲೇ, ಅವುಗಳ ನೆರಳಿನಿಂದ ತುಸು ಹೊರಗೆ ಇಣುಕುತ್ತಿದ್ದ ಬಡಕಲು ಗೆರೆಗಳು ಅವರಿಗೆ ಸಿಕ್ಕವು. ಅವರು ಲೆಕ್ಕ ಹಾಕಿ ಹೇಳಿದ ಮೊತ್ತ 14 ಮೈಕ್ರಾನ್, ಏಳು ಹೆಚ್ಚು ಇಲ್ಲವೇ ಏಳು ಕಡಿಮೆ. ಇವತ್ತಿನ ಉಪಗ್ರಹಗಳ ಅಳತೆಯೂ ಆ ಮಿತಿಯೊಳಗೇ ಕೂರುತ್ತದೆ ಎಂಬುದು ನನಗೆ ಇಂದಿಗೂ ಸೋಜಿಗ.

ಇನ್ನು ಋತುಗಳ ವಿಷಯ. ಮಂಗಳದ ಅಕ್ಷ ಸುಮಾರು 25 ಡಿಗ್ರಿ ವಾಲಿದೆ, ನಮ್ಮದು 23.4; ಹಾಗಾಗಿ ಅಲ್ಲಿಯೂ ನಾಲ್ಕು ಋತುಗಳಿವೆ. ವರ್ಷ ಮಾತ್ರ ನಮ್ಮ 687 ದಿನಗಳಷ್ಟು ಉದ್ದ. ಅಲ್ಲಿನ ಕಾಲವನ್ನು ವಿಜ್ಞಾನಿಗಳು ತಿಂಗಳುಗಳಲ್ಲಿ ಎಣಿಸದೆ ಉತ್ತರ ಗೋಳದ ವಸಂತ ವಿಷುವದಿಂದ, ಅಂದರೆ ವಸಂತದಲ್ಲಿ ಹಗಲು ರಾತ್ರಿ ಸಮವಾಗುವ ದಿನದಿಂದ, ಸೂರ್ಯ ಎಷ್ಟು ಡಿಗ್ರಿ ಸಾಗಿದ್ದಾನೆ ಎಂಬ ಕೋನದಿಂದ ಎಣಿಸುತ್ತಾರೆ. ಇದು ಕೇಳುವವರಿಗೆ ವಿಚಿತ್ರ ಅನಿಸಬಹುದು, ಆದರೆ ನಮ್ಮ ರೈತರಿಗೆ ಅನಿಸಬೇಕಿಲ್ಲ. ರೋಹಿಣಿ ಮಳೆ, ಮೃಗಶಿರ ಮಳೆ, ಆರಿದ್ರ ಮಳೆ ಎಂದು ನಾವು ಎಣಿಸುವುದು ಸೂರ್ಯ ಯಾವ ನಕ್ಷತ್ರದಲ್ಲಿದ್ದಾನೆ ಎಂಬುದನ್ನೇ. ಇಪ್ಪತ್ತೇಳು ನಕ್ಷತ್ರಗಳಿಗೆ 360 ಡಿಗ್ರಿ ಹಂಚಿದರೆ ಒಂದೊಂದಕ್ಕೆ 13 ಡಿಗ್ರಿ 20 ಕಲೆ. ಸೂರ್ಯ ಅಷ್ಟು ಸಾಗಲು ಹದಿಮೂರು ಹದಿನಾಲ್ಕು ದಿನ ತೆಗೆದುಕೊಳ್ಳುತ್ತಾನೆ. ಎಣಿಕೆ ಶುರುವಾಗುವ ಬಿಂದು ಬೇರೆ ಎಂಬುದನ್ನು ಬಿಟ್ಟರೆ ಎರಡೂ ಒಂದೇ ಜಾತಿಯ ಪಂಚಾಂಗ.

ಮಂಗಳಕ್ಕೂ ಇಂತಹ ಮಳೆ ನಕ್ಷತ್ರಗಳನ್ನು ಹಂಚಿದರೆ ಏನಾಗುತ್ತದೆ ಎಂದು ಲೆಕ್ಕ ಹಾಕಿ ನೋಡಿದೆ. ಸರಾಸರಿ ಇಪ್ಪತ್ತೈದು ದಿನ ಬರುತ್ತದೆ, ಆದರೆ ಸರಾಸರಿ ಇಲ್ಲಿ ಮೋಸ ಮಾಡುತ್ತದೆ. ಮಂಗಳದ ಕಕ್ಷೆ ನಮ್ಮದಕ್ಕಿಂತ ಬಹಳ ಹೆಚ್ಚು ಅಂಡಾಕಾರದ್ದು. ಸೂರ್ಯನಿಗೆ ಅತಿ ದೂರದ ಬಿಂದುವಾದ ಅಪರವಿಯಲ್ಲಿ 24.9 ಕೋಟಿ ಕಿಲೋಮೀಟರ್ ದೂರವಿದ್ದರೆ, ಅತಿ ಹತ್ತಿರದ ಬಿಂದುವಾದ ಪುರರವಿಯಲ್ಲಿ 20.7 ಕೋಟಿ. ದೂರವಿದ್ದಾಗ ಗ್ರಹ ನಿಧಾನವಾಗಿ ಚಲಿಸುವುದರಿಂದ ಅಲ್ಲಿ ಒಂದು ನಕ್ಷತ್ರ ಮುಗಿಯಲು ಮೂವತ್ತು ದಿನ ಬೇಕು. ಹತ್ತಿರವಿದ್ದಾಗ ಇಪ್ಪತ್ತೊಂದೇ ದಿನ ಸಾಕು. ಬಿಸಿಲಿನ ವ್ಯತ್ಯಾಸ ಇನ್ನೂ ದೊಡ್ಡದು: ಅಪರವಿಗಿಂತ ಪುರರವಿಯಲ್ಲಿ ಸುಮಾರು ಶೇ. 45ರಷ್ಟು ಹೆಚ್ಚು ಬಿಸಿಲು ಬೀಳುತ್ತದೆ. ಈ ಕಾಲಘಟ್ಟದಲ್ಲಿ ಅಪರವಿಯು ಉತ್ತರ ಗೋಳದ ವಸಂತದ ಕೊನೆಗೆ, ಪುರರವಿಯು ದಕ್ಷಿಣ ಗೋಳದ ವಸಂತದ ಕೊನೆಗೆ ಬೀಳುತ್ತಿವೆ. ಹಾಗಾಗಿ ಉತ್ತರದ ಬೇಸಿಗೆ ದೀರ್ಘ ಮತ್ತು ಸೌಮ್ಯ. ದಕ್ಷಿಣದ ಬೇಸಿಗೆ ಚಿಕ್ಕದು, ಆದರೆ ಉಗ್ರ. ಮಂಗಳದ ನೀರಿನ ವಾರ್ಷಿಕ ಕತೆಯೆಲ್ಲ ಈ ಅಸಮಾನತೆಯಲ್ಲೇ ಅಡಗಿದೆ.

ಉತ್ತರ ಧ್ರುವದಿಂದ ಶುರು ಮಾಡೋಣ. ಅಲ್ಲಿ ಸುಮಾರು ಸಾವಿರ ಕಿಲೋಮೀಟರ್ ಅಗಲದ, ಕೆಲವೆಡೆ ಮೂರು ಕಿಲೋಮೀಟರ್‌ವರೆಗೆ ದಪ್ಪವಿರುವ ಮಂಜುಗಡ್ಡೆಯ ಟೊಪ್ಪಿಗೆ ಇದೆ. ಚಳಿಗಾಲದಲ್ಲಿ ಇದು ಕಣ್ಣಿಗೆ ಬೀಳುವುದಿಲ್ಲ. ಆಗ ಅಲ್ಲಿನ ಉಷ್ಣತೆ ಮೈನಸ್ 125 ಡಿಗ್ರಿಗೆ ಇಳಿದು, ಮಂಗಳದ ಗಾಳಿಯ ಶೇ. 95ರಷ್ಟಿರುವ ಇಂಗಾಲದ ಡೈಆಕ್ಸೈಡೇ ಹೆಪ್ಪುಗಟ್ಟಿ ನೆಲಕ್ಕೆ ಇಳಿಯುತ್ತದೆ. ಧ್ರುವದಿಂದ ಸುಮಾರು 50 ಡಿಗ್ರಿ ಅಕ್ಷಾಂಶದವರೆಗೆ ಬಿಳಿ ಹೊದಿಕೆ ಹಾಸಿಕೊಳ್ಳುತ್ತದೆ. ಧ್ರುವಗಳೆರಡರ ನಡುವಿನ ಈ ವಾರ್ಷಿಕ ಕೊಡುಕೊಳ್ಳುವಿಕೆಯಲ್ಲಿ ವಾತಾವರಣದ ಕಾಲು ಭಾಗಕ್ಕೂ ಹೆಚ್ಚು ಗಾಳಿ ಹೆಪ್ಪುಗಟ್ಟಿ ಮತ್ತೆ ಆವಿಯಾಗುತ್ತದೆ. ಚಳಿಗಾಲದಲ್ಲಿ ಗಾಳಿಯೇ ನೆಲಕ್ಕೆ ಬೀಳುವ ಲೋಕ ಅದು.

ವಸಂತ ಬಂದಾಗ ಆ ಹೊದಿಕೆ ದಕ್ಷಿಣದ ಅಂಚಿನಿಂದ ಹಿಂದೆ ಸರಿಯತೊಡಗುತ್ತದೆ. ಇಲ್ಲಿ ಒಂದು ಸೂಕ್ಷ್ಮ ನಡೆಯುತ್ತದೆ, ನನಗೆ ಬಹಳ ಇಷ್ಟವಾದದ್ದು. ಹಿಂದೆ ಸರಿಯುವ ಡೈಆಕ್ಸೈಡ್ ಹಿಮದ ಅಂಚಿಗೆ ನೀರಿನ ಹಿಮದ ಒಂದು ಉಂಗುರ ಉಳಿಯುತ್ತದೆ, ಯಾಕೆಂದರೆ ಅಷ್ಟು ಉಷ್ಣತೆಗೆ ಡೈಆಕ್ಸೈಡ್ ಹಾರಿಹೋಗುತ್ತದೆ, ನೀರು ಹೋಗುವುದಿಲ್ಲ. ಮರುದಿನಗಳ ಬಿಸಿಲಿಗೆ ಆ ಉಂಗುರದ ನೀರೂ ಆವಿಯಾಗುತ್ತದೆ. ಆದರೆ ಆ ಆವಿಯಲ್ಲಿ ಒಂದು ಪಾಲನ್ನು ಗಾಳಿ ಉತ್ತರಕ್ಕೆ ಒಯ್ದು ಇನ್ನೂ ತಣ್ಣಗಿರುವ ಹೊದಿಕೆಯ ಮೇಲೆ ಮತ್ತೆ ಹಿಮವಾಗಿ ಕೂರಿಸುತ್ತದೆ. ಹೀಗೆ ಉಂಗುರವು ಕುಗ್ಗುತ್ತಾ ಕುಗ್ಗುತ್ತಾ, ನೀರನ್ನು ತನ್ನೊಡನೆ ಎಳೆದುಕೊಂಡು ಧ್ರುವದ ಕಡೆಗೆ ನಡೆಯುತ್ತದೆ. ರಾಶಿ ಮಾಡುವಾಗ ಕಣದ ಅಂಚಿನ ಕಾಳನ್ನು ಪೊರಕೆಯಿಂದ ನಡುವಿಗೆ ಗುಡಿಸಿಕೊಂಡು ಬಂದಂತೆ.

ಬೇಸಿಗೆಯ ಆರಂಭಕ್ಕೆ ಡೈಆಕ್ಸೈಡ್ ಪೂರ್ತಿ ಹೋಗಿ ಶಾಶ್ವತ ಮಂಜುಗಡ್ಡೆ ಬಯಲಿಗೆ ಬರುತ್ತದೆ. ಅದು ನೀರಿನದೋ ಡೈಆಕ್ಸೈಡಿನದೋ ಎಂಬ ಹಳೆಯ ವಾದವನ್ನು 1976ರಲ್ಲಿ ವೈಕಿಂಗ್ ಕಕ್ಷಾನೌಕೆಗಳು ಬಗೆಹರಿಸಿದವು. ಟೊಪ್ಪಿಗೆಯ ಮೇಲ್ಮೈ ಉಷ್ಣತೆ ಮೈನಸ್ 68 ಡಿಗ್ರಿಯ ಆಸುಪಾಸಿನಲ್ಲಿ ಸಿಕ್ಕಿತು. ಡೈಆಕ್ಸೈಡ್ ಮಂಜುಗಡ್ಡೆಯಾಗಿದ್ದರೆ ಮೈನಸ್ 125ಕ್ಕಿಂತ ಮೇಲೇರಲು ಅದಕ್ಕೆ ಆಗುತ್ತಲೇ ಇರಲಿಲ್ಲ. ಅದೇ ಹೊತ್ತಿಗೆ, ನೀರಾವಿಯನ್ನು ಅಳೆಯಲೆಂದೇ ಆ ನೌಕೆಗಳಲ್ಲಿ ಇಟ್ಟಿದ್ದ ಉಪಕರಣ ಧ್ರುವದ ಮೇಲೆ 100 ಮೈಕ್ರಾನಿನ ಸಮೀಪದ ಮೊತ್ತವನ್ನು ತೋರಿಸಿತು, ಅಂದರೆ ಗ್ರಹದ ಸರಾಸರಿಯ ಹತ್ತು ಪಟ್ಟು. ನಂತರ ಬಂದ ಮಾರ್ಸ್ ಗ್ಲೋಬಲ್ ಸರ್ವೇಯರ್, ಮಾರ್ಸ್ ಎಕ್ಸ್‌ಪ್ರೆಸ್ ನೌಕೆಗಳ ಉಪಕರಣಗಳು ಈ ಶಿಖರವನ್ನು ಕೊಂಚ ಕೆಳಗೆ, 60 ರಿಂದ 80 ಮೈಕ್ರಾನಿನ ಸುತ್ತ ಇಟ್ಟಿವೆ. ಉಪಕರಣದಿಂದ ಉಪಕರಣಕ್ಕೆ ಅಂಕಿ ಬೇರೆಯಾದರೂ, ಹಗಲು ಅತಿ ಉದ್ದವಾಗುವ ಬೇಸಿಗೆ ಸಂಕ್ರಮಣ ಕಳೆದು ಸೂರ್ಯ ಇನ್ನೂ 20-30 ಡಿಗ್ರಿ ಸಾಗುವ ಹೊತ್ತಿಗೆ ಶಿಖರ ಬರುತ್ತದೆ ಎಂಬುದರಲ್ಲಿ ಭಿನ್ನಾಭಿಪ್ರಾಯವಿಲ್ಲ. ವರ್ಷದಿಂದ ವರ್ಷಕ್ಕೆ ಅದು ಗಡಿಯಾರದಂತೆ ಮರಳುತ್ತದೆ.

ಗಡ್ಡೆ ಕರಗಿ ನೀರಾಗಿ ಆಮೇಲೆ ಆವಿಯಾಗುವುದಿಲ್ಲ ಎಂಬುದನ್ನು ಇಲ್ಲಿ ನೆನಪಿಡಬೇಕು. ಮಂಗಳದ ಗಾಳಿಯ ಒತ್ತಡ ನಮ್ಮದರ ನೂರೈವತ್ತರಲ್ಲಿ ಒಂದು ಭಾಗಕ್ಕಿಂತ ಕಡಿಮೆ. ಅಲ್ಲಿ ಮಂಜುಗಡ್ಡೆ ನಮ್ಮ ಮನೆಯ ಕರ್ಪೂರದಂತೆ ಒದ್ದೆಯಾಗದೆಯೇ ನೇರವಾಗಿ ಆವಿಯಾಗುತ್ತದೆ. 2008ರ ಮೇ ತಿಂಗಳಲ್ಲಿ 68 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇಳಿದ ಫೀನಿಕ್ಸ್ ನೌಕೆ ತನ್ನ ಯಾಂತ್ರಿಕ ತೋಳಿನಿಂದ ಒಂದು ಸಣ್ಣ ಗುಂಡಿ ತೋಡಿತು. ಗುಂಡಿಯ ನೆರಳಿನ ಮೂಲೆಯಲ್ಲಿ ಸಣ್ಣ ಸಣ್ಣ ಬಿಳಿ ಹರಳುಗಳು ಬಿದ್ದಿದ್ದವು. ನಾಲ್ಕು ದಿನ ಬಿಟ್ಟು ಅದೇ ಮೂಲೆಯ ಚಿತ್ರ ತೆಗೆದರೆ ಹರಳುಗಳು ಇರಲಿಲ್ಲ. ಉಪ್ಪಾಗಿದ್ದರೆ ಅಲ್ಲೇ ಇರಬೇಕಿತ್ತು, ಡೈಆಕ್ಸೈಡ್ ಆಗಿದ್ದರೆ ಒಂದು ದಿನವೂ ನಿಲ್ಲುತ್ತಿರಲಿಲ್ಲ. ನಾಲ್ಕು ದಿನಕ್ಕೆ ಮಾಯವಾಗುವುದು ನೀರಿನ ಗಡ್ಡೆಯ ಗುಣ. ಎರಡೂ ಚಿತ್ರಗಳನ್ನು ಪರದೆಯ ಮೇಲೆ ಅಕ್ಕಪಕ್ಕ ತೋರಿಸುವ ಹೊತ್ತಿಗೇ ಸಭಾಂಗಣದ ಕರೆಂಟ್ ಹೋಯಿತು. ಮುಂದಿನ ಹತ್ತು ನಿಮಿಷದ ಮಾತು ಕತ್ತಲೆಯಲ್ಲೇ ಸಾಗಿತು. ಮುಂದಿನ ಸಾಲಿನ ವಿದ್ಯಾರ್ಥಿಗಳು ಮೊಬೈಲಿನ ಬೆಳಕನ್ನು ಮೇಜಿನ ಕಡೆ ಹಿಡಿದಾಗ ಕಂಡದ್ದು ಐಸ್ ಲೋಟ ಮತ್ತು ಅದರ ಸುತ್ತ ನಿಂತ ನೀರು.

ಉತ್ತರದ ಬೇಸಿಗೆಯಲ್ಲಿ ಎದ್ದ ಇಷ್ಟೊಂದು ಆವಿ ಎಲ್ಲಿಗೆ ಹೋಗುತ್ತದೆ? ಗಾಳಿಯೊಡನೆ ದಕ್ಷಿಣಕ್ಕೆ, ಸಮಭಾಜಕದ ಕಡೆಗೆ ಹರಿಯುತ್ತದೆ. ಆದರೆ ಈ ಕಾಲ ಅಪರವಿಯ ಆಸುಪಾಸಿನದು ಎಂಬುದನ್ನು ಮರೆಯಬಾರದು. ಬಿಸಿಲು ಕಡಿಮೆ, ಗಾಳಿಯಲ್ಲಿ ಧೂಳು ಕಡಿಮೆ, ಆದ್ದರಿಂದ ವಾತಾವರಣ ತಣ್ಣಗಿರುತ್ತದೆ. ಸಮಭಾಜಕದ ಬಳಿ ಮೇಲೇರುವ ಆವಿ ಹತ್ತು ಕಿಲೋಮೀಟರ್ ದಾಟುವ ಮೊದಲೇ ತನ್ನ ಮಿತಿಯನ್ನು ಮುಟ್ಟಿ ಹರಳಾಗುತ್ತದೆ. 10 ಡಿಗ್ರಿ ದಕ್ಷಿಣದಿಂದ 30 ಡಿಗ್ರಿ ಉತ್ತರದವರೆಗೆ ಗ್ರಹದ ಸೊಂಟಕ್ಕೆ ಕಟ್ಟಿದ ಪಟ್ಟಿಯಂತೆ ತೆಳ್ಳನೆಯ ಮೋಡಗಳು ಕಾಣಿಸಿಕೊಳ್ಳುತ್ತವೆ. ಬೇಳೆ ಬೇಯಿಸುವ ಪಾತ್ರೆಯ ಮೇಲೆ ತಣ್ಣನೆಯ ಮುಚ್ಚಳ ಇಟ್ಟಾಗ ಹಬೆ ಅದಕ್ಕೆ ತಾಗಿ ಹನಿಯಾಗಿ ಮತ್ತೆ ಬೇಳೆಯೊಳಗೇ ಬೀಳುವುದಿಲ್ಲವೇ, ಈ ಚಳಿಯ ಪದರ ಅಂತಹ ಮುಚ್ಚಳ. ಅದರ ಪರಿಣಾಮವನ್ನು 1996ರಲ್ಲಿ ಟಾಡ್ ಕ್ಲ್ಯಾನ್ಸಿ ಮತ್ತು ಸಂಗಡಿಗರು ತೋರಿಸಿಕೊಟ್ಟರು: ದಕ್ಷಿಣ ಗೋಳಕ್ಕೆ ದಾಟಬೇಕಾದ ಗಾಳಿ ಎತ್ತರದಲ್ಲಿ ಸಾಗುತ್ತದೆ, ಮುಚ್ಚಳ ತಗ್ಗಿನಲ್ಲಿದ್ದರೆ ನೀರು ಆ ಗಾಳಿಯನ್ನು ಹತ್ತಲಾಗದು, ಉತ್ತರದ ನೀರು ಬಹುಪಾಲು ಉತ್ತರದಲ್ಲೇ ಉಳಿಯುತ್ತದೆ.

ದಕ್ಷಿಣದ ಬೇಸಿಗೆಯಲ್ಲಿ ಇದೆಲ್ಲ ತಿರುಗಿ ಬೀಳುತ್ತದೆ. ಮೊದಲು ಒಂದು ನಿರಾಶೆ: ಬಿಸಿಲು ಅಷ್ಟು ಉಗ್ರವಿದ್ದರೂ ಅಲ್ಲಿನ ನೀರಾವಿಯ ಶಿಖರ ಉತ್ತರದ ಅರ್ಧದಷ್ಟೇ. ದಕ್ಷಿಣ ಧ್ರುವದಲ್ಲೂ ನೀರಿನ ಮಂಜುಗಡ್ಡೆಯ ದೊಡ್ಡ ರಾಶಿಯಿದೆ, ಆದರೆ ಧ್ರುವದ ಮೇಲಿನ ಅದರ ಒಂದು ಭಾಗಕ್ಕೆ ಕೆಲವೇ ಮೀಟರ್ ದಪ್ಪದ ಡೈಆಕ್ಸೈಡ್ ಹೊದಿಕೆ ಬೇಸಿಗೆಯಲ್ಲೂ ಕರಗದೆ ಉಳಿಯುತ್ತದೆ. ಮೈನಸ್ 125 ಡಿಗ್ರಿಯ ಆ ಮೇಲ್ಮೈ ನೀರನ್ನು ಕೊಡುವುದಿರಲಿ, ಹಾದುಹೋಗುವ ಆವಿಯನ್ನೇ ಹಿಡಿದಿಟ್ಟುಕೊಳ್ಳುತ್ತದೆ.

ಎತ್ತರದ ಮಾತಿಗೆ ಬಂದರೆ ಚಿತ್ರವೇ ಬೇರೆ. ಪುರರವಿಯ ಬಿಸಿಲಿಗೆ ಧೂಳು ಏಳುತ್ತದೆ. ಬೀದರಿನ ಜಂಬಿಟ್ಟಿಗೆ ನೆಲದಂತೆಯೇ ಕಬ್ಬಿಣದ ಆಕ್ಸೈಡಿನಿಂದ ಕೆಂಪಾದ, ಆದರೆ ಟಾಲ್ಕಂ ಪುಡಿಗಿಂತಲೂ ನುಣ್ಣನೆಯ ಧೂಳು ಅದು. ಗಾಳಿಯಲ್ಲಿ ತೇಲುತ್ತಾ ಅದು ಬಿಸಿಲನ್ನು ಹೀರಿ ಸುತ್ತಲಿನ ಗಾಳಿಯನ್ನು ಬಿಸಿ ಮಾಡುತ್ತದೆ. ಗಾಳಿ ಬಿಸಿಯಾದಂತೆ ನಾನು ಮೊದಲು ಹೇಳಿದ ಮಿತಿ ಮೇಲಕ್ಕೆ ಸರಿಯುತ್ತದೆ, ಹತ್ತು ಕಿಲೋಮೀಟರಿನಲ್ಲಿದ್ದ ಮುಚ್ಚಳ ನಲವತ್ತು, ಅರವತ್ತು ಕಿಲೋಮೀಟರಿಗೆ ಏರುತ್ತದೆ. ಅಲ್ಲಿಯವರೆಗೆ ನೀರಾವಿಗೆ ದಾರಿ ತೆರೆಯುತ್ತದೆ. ಮುಚ್ಚಳ ಗಟ್ಟಿಯಾಗಿ ಕೂತಿರುವುದೂ ಇಲ್ಲ ಎಂಬುದು 2011ರಲ್ಲಿ ತಿಳಿಯಿತು: ಮಾರ್ಸ್ ಎಕ್ಸ್‌ಪ್ರೆಸ್ಸಿನ ಅಳತೆಗಳನ್ನು ಪರಿಶೀಲಿಸಿದಾಗ ಕೆಲವೆಡೆ ಮಿತಿಗಿಂತ ಹಲವು ಪಟ್ಟು ಹೆಚ್ಚು ಆವಿ ಹೆಪ್ಪುಗಟ್ಟದೆ ಹಾಗೆಯೇ ಇರುವುದು ಕಂಡಿತು. ಹರಳು ಮೂಡಲು ಒಂದು ಧೂಳಿನ ಕಣವಾದರೂ ಆಸರೆಗೆ ಬೇಕು. ಆಸರೆ ಸಿಗದ ಎತ್ತರದಲ್ಲಿ ಆವಿ ನಿಯಮ ಮೀರಿ ಮುಂದೆ ಸಾಗುತ್ತದೆ.

2018ರ ಜೂನ್ ಹೊತ್ತಿಗೆ ಇದರ ಅತಿರೇಕ ಕಣ್ಣೆದುರಿಗೆ ನಡೆಯಿತು. ಆ ವರ್ಷ ಧೂಳಿನ ಬಿರುಗಾಳಿ ಗ್ರಹವನ್ನೆಲ್ಲ ಮುಸುಕಿತು. ಹದಿನಾಲ್ಕು ವರ್ಷ ದುಡಿದಿದ್ದ ಆಪರ್ಚುನಿಟಿ ರೋವರ್ ಸೌರಫಲಕಗಳಿಗೆ ಬಿಸಿಲು ಸಿಗದೆ ಜೂನ್ 10ರ ನಂತರ ಮಾತಾಡಲೇ ಇಲ್ಲ. ಅದೇ ಏಪ್ರಿಲ್‌ನಲ್ಲಿ ಕೆಲಸ ಆರಂಭಿಸಿದ್ದ ಯುರೋಪ್ ಮತ್ತು ರಷ್ಯಾದ ಟ್ರೇಸ್ ಗ್ಯಾಸ್ ಆರ್ಬಿಟರ್ ನೌಕೆ ಆಗ ಮೇಲಿನಿಂದ ನೋಡುತ್ತಿತ್ತು. ಸೂರ್ಯ ಮುಳುಗುವಾಗ ವಾತಾವರಣದ ಅಂಚಿನ ಮೂಲಕ ಹಾದುಬರುವ ಬೆಳಕನ್ನು ಪದರ ಪದರವಾಗಿ ಅಳೆಯುವ ಅದರ ಉಪಕರಣಗಳಿಗೆ 80 ಕಿಲೋಮೀಟರ್ ಎತ್ತರದಲ್ಲೂ ನೀರು ಸಿಕ್ಕಿತು. ಆಮೇಲಿನ ವರ್ಷಗಳ ಅಳತೆ ಇನ್ನೊಂದು ಮಾತು ಹೇಳಿತು, ನನ್ನ ಮಟ್ಟಿಗೆ ಬಿರುಗಾಳಿಗಿಂತ ಅದೇ ದೊಡ್ಡ ಸುದ್ದಿ: ಬಿರುಗಾಳಿ ಇಲ್ಲದ ಸಾಮಾನ್ಯ ವರ್ಷಗಳಲ್ಲೂ ಪುರರವಿಯ ಹೊತ್ತಿಗೆ ನೀರು 100 ಕಿಲೋಮೀಟರ್ ಮುಟ್ಟುತ್ತದೆ. ಬಿರುಗಾಳಿ ಕೆಲವು ವರ್ಷಕ್ಕೊಮ್ಮೆ ಬರುವ ನೆಂಟ, ದಕ್ಷಿಣದ ಬೇಸಿಗೆ ಪ್ರತಿ ವರ್ಷ ತಪ್ಪದೆ ಬರುವ ಪಾಲುಗಾರ.

ಎತ್ತರಕ್ಕೆ ಹೋದರೆ ಏನಾಯಿತು ಎಂಬ ಪ್ರಶ್ನೆಗೆ ಈಗ ಬರುತ್ತೇನೆ. ತಗ್ಗಿನಲ್ಲಿರುವ ನೀರು ಇಂದಲ್ಲ ನಾಳೆ ಹಿಮವಾಗಿ ನೆಲ ಸೇರುತ್ತದೆ, ಅದು ಖಾತೆಯಲ್ಲೇ ಇರುವ ಹಣ. ಎತ್ತರದ ನೀರನ್ನು ಸೂರ್ಯನ ಅತಿನೇರಳೆ ಕಿರಣಗಳು ಮತ್ತು ವಿದ್ಯುದಾವೇಶ ಪಡೆದ ಕಣಗಳು ಒಡೆಯುತ್ತವೆ; ಬಿಡುಗಡೆಯಾದ ಜಲಜನಕ ತೀರ ಹಗುರವಾದುದರಿಂದ ಗ್ರಹದ ಗುರುತ್ವವನ್ನು ತಪ್ಪಿಸಿಕೊಂಡು ಹೋಗುತ್ತದೆ. ಹೋದದ್ದು ಮರಳುವುದಿಲ್ಲ. ಇಪ್ಪತ್ತನೆಯ ಶತಮಾನದ ಪಠ್ಯಗಳು ಈ ಸೋರಿಕೆಯನ್ನು ನಿಧಾನವಾದ, ವರ್ಷವಿಡೀ ಒಂದೇ ಸಮನಾದ ಕ್ರಿಯೆ ಎಂದು ಹೇಳುತ್ತಿದ್ದವು. ನೀರು ತಗ್ಗಿನಲ್ಲೇ ಒಡೆದು, ಅದರ ಜಲಜನಕದ ಅಣುಗಳು ಬಹುಕಾಲ ಅಲೆದು ಮೇಲೆ ಸೇರುತ್ತವೆ ಎಂಬುದು ಅವುಗಳ ವಿವರಣೆ. ನಾನೂ ತರಗತಿಯಲ್ಲಿ ಹಾಗೆಯೇ ಪಾಠ ಮಾಡಿದ್ದೇನೆ. ಆದರೆ 2007ರಲ್ಲಿ ಹಬಲ್ ದೂರದರ್ಶಕ ಮತ್ತು ಮಾರ್ಸ್ ಎಕ್ಸ್‌ಪ್ರೆಸ್ ಮಂಗಳದ ಸುತ್ತಲಿನ ಜಲಜನಕದ ಪ್ರಭಾವಳಿಯನ್ನು ನೋಡಿದಾಗ ಅದು ಕೆಲವೇ ತಿಂಗಳಲ್ಲಿ ಮಂಕಾಗುತ್ತಿತ್ತು. 2014ರಿಂದ ಅಲ್ಲಿ ಸುತ್ತುತ್ತಿದ್ದ ಮೇವನ್ ನೌಕೆ, ಸೋರಿಕೆ ಋತುವಿನೊಡನೆ ಹತ್ತು ಪಟ್ಟು ಏರಿಳಿಯುತ್ತದೆ, ಅದರ ಶಿಖರ ದಕ್ಷಿಣದ ಬೇಸಿಗೆಯಲ್ಲಿ ಬೀಳುತ್ತದೆ ಎಂದು ತೋರಿಸಿತು. 2020ರಲ್ಲಿ ಪ್ರಕಟವಾದ ಅದರ ಅಳತೆಗಳಲ್ಲಿ 150 ಕಿಲೋಮೀಟರ್ ಎತ್ತರದಲ್ಲೂ ನೀರಿನ ಗುರುತಿದೆ. ಹಳೆಯ ಪಾಠವನ್ನು ಹಿಂತೆಗೆದುಕೊಳ್ಳಬೇಕಾಯಿತು.

ಬಹುಕಾಲದ ಸೋರಿಕೆ ಒಂದು ಗುರುತು ಬಿಟ್ಟುಹೋಗಿದೆ. ಜಲಜನಕಕ್ಕೆ ಡ್ಯುಟೀರಿಯಂ ಎಂಬ ಎರಡು ಪಟ್ಟು ಭಾರದ ಅಣ್ಣನೊಬ್ಬನಿದ್ದಾನೆ. ಅವನಿಗೆ ಹಾರಿಹೋಗುವುದು ಕಷ್ಟ. ಹೊಟ್ಟು ತೂರಿದಾಗ ಕಾಳು ಕೆಳಗೆ ಉಳಿಯುವಂತೆ, ಮಂಗಳದ ನೀರಿನಲ್ಲಿ ಡ್ಯುಟೀರಿಯಂ ಪಾಲು ಭೂಮಿಯ ನೀರಿನದಕ್ಕಿಂತ ಐದಾರು ಪಟ್ಟು ಹೆಚ್ಚಾಗಿದೆ. ಉಳಿದಿರುವ ಕಾಳಿನಿಂದ ತೂರಿಹೋದ ರಾಶಿಯನ್ನು ಅಂದಾಜು ಮಾಡಬಹುದು. ಅದು ಇಂದಿರುವ ನೀರಿನ ಹಲವು ಪಟ್ಟು. 2014ರ ಸೆಪ್ಟೆಂಬರ್ 24ರಂದು ಮಂಗಳದ ಕಕ್ಷೆ ಸೇರಿದ ನಮ್ಮ ಮಂಗಳಯಾನದಲ್ಲೂ ಇದೇ ಎರಡರ ಪ್ರಮಾಣವನ್ನು ಅಳೆಯಲೆಂದು ಲೈಮನ್ ಆಲ್ಫಾ ಫೋಟೋಮೀಟರ್ ಎಂಬ ಎರಡು ಕಿಲೋ ತೂಕದ ಪುಟ್ಟ ಉಪಕರಣ ಇಟ್ಟಿದ್ದರು ಎಂಬುದನ್ನು ಸಭೆಯ ಬಹಳ ಜನ ಕೇಳಿರಲಿಲ್ಲ. ಆ ನೌಕೆಯ ಸಂಕೇತಗಳು ಬಂದು ಇಳಿದದ್ದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನ ಆಂಟೆನಾಗಳಿಗೆ.

ಪ್ರಶ್ನೋತ್ತರದಲ್ಲಿ ಒಬ್ಬ ವಿದ್ಯಾರ್ಥಿನಿ ಕೇಳಿದ ಪ್ರಶ್ನೆಗೆ ಅಂದು ಅವಸರದಲ್ಲಿ ಉತ್ತರಿಸಿದೆ, ಇಲ್ಲಿ ಸರಿಯಾಗಿ ಹೇಳುತ್ತೇನೆ. ಪುರರವಿ ದಕ್ಷಿಣದ ಬೇಸಿಗೆಯ ಬಳಿಯೇ ಯಾವಾಗಲೂ ಇರುತ್ತದೆಯೇ ಎಂದು ಆಕೆ ಕೇಳಿದ್ದಳು. ಇಲ್ಲ. ಅಕ್ಷವೂ ಕಕ್ಷೆಯೂ ನಿಧಾನವಾಗಿ ತಿರುಗುವುದರಿಂದ ಸುಮಾರು 51,000 ವರ್ಷಗಳಲ್ಲಿ ಪುರರವಿ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. ಇಪ್ಪತ್ತೈದು ಸಾವಿರ ವರ್ಷದ ಹಿಂದೆ ಉಗ್ರ ಬೇಸಿಗೆ ಉತ್ತರದ ಪಾಲಿಗಿತ್ತು, ಆಗ ನೀರು ಉತ್ತರದಿಂದ ಎದ್ದು ದಕ್ಷಿಣ ಧ್ರುವದಲ್ಲಿ ಶೇಖರವಾಗುತ್ತಿತ್ತು ಎಂದು ಗಣಕ ಮಾದರಿಗಳು ಹೇಳುತ್ತವೆ. ದಕ್ಷಿಣದ ಡೈಆಕ್ಸೈಡ್ ಹೊದಿಕೆಯ ಅಂಚಿನಲ್ಲಿ ಇಣುಕುವ ನೀರಿನ ಗಡ್ಡೆ ಆ ಕಾಲದ ಉಳಿಕೆ ಇರಬಹುದು.

ಕೊನೆಯ ಸಾಲಿನಲ್ಲಿ ಕುಳಿತಿದ್ದ ಹಿರಿಯರೊಬ್ಬರು, ತೊಗರಿ ಬೆಳೆಯುವವರು, ಎದ್ದು ನಿಂತು ಕೇಳಿದರು: “ಸರ, ಇಷ್ಟ್ ಆವಿ ಏಳ್ತದ, ಮ್ವಾಡ ಆಗ್ತದ ಅಂತೀರಿ. ನೆಲಕ್ಕ ಒಂದ್ ಹನಿನೂ ಬೀಳಂಗಿಲ್ಲೇನ್ರಿ?”

ಹನಿ ಬೀಳುವುದಿಲ್ಲ, ಹಿಮ ಬೀಳುತ್ತದೆ ಎಂದೆ. ಫೀನಿಕ್ಸ್ ನೌಕೆ ಬೇಸಿಗೆಯ ಕೊನೆಯಲ್ಲಿ ಆಕಾಶಕ್ಕೆ ಲೇಸರ್ ಬಿಟ್ಟು ನೋಡಿದಾಗ ಸುಮಾರು ನಾಲ್ಕು ಕಿಲೋಮೀಟರ್ ಎತ್ತರದ ಮೋಡದಿಂದ ಹಿಮದ ಹರಳುಗಳು ಇಳಿಯುತ್ತಿದ್ದವು. ಅಷ್ಟರಲ್ಲಿ ಕರೆಂಟ್ ಬಂದಿದ್ದರಿಂದ ಕೊನೆಯ ಚಿತ್ರವನ್ನು ಅವರಿಗೆ ಪರದೆಯ ಮೇಲೆ ತೋರಿಸಲು ಸಾಧ್ಯವಾಯಿತು. 1979ರ ಮೇ 18ರಂದು ವೈಕಿಂಗ್-2 ನೌಕೆ ತಾನು ಇಳಿದಿದ್ದ ಯುಟೋಪಿಯಾ ಬಯಲಿನಲ್ಲಿ ತೆಗೆದ ಚಿತ್ರ ಅದು: ಕೆಂಪು ನೆಲ, ತೂತು ತೂತಾದ ಕಲ್ಲುಗಳು, ಕಲ್ಲುಗಳ ನೆರಳಿನಲ್ಲಿ ಮತ್ತು ಮಣ್ಣಿನ ಮೇಲೆ ಸುಣ್ಣದ ಕೈ ಎಳೆದಂತೆ ಬಿಳಿ ಹಿಮ. ಧೂಳಿನ ಕಣಕ್ಕೆ ನೀರಿನ ಹರಳು ಅಂಟಿ, ಅದರ ಮೇಲೆ ಡೈಆಕ್ಸೈಡ್ ಹೆಪ್ಪುಗಟ್ಟಿ ಭಾರವಾಗಿ ನೆಲಕ್ಕಿಳಿದು, ಬಿಸಿಲಿಗೆ ಡೈಆಕ್ಸೈಡ್ ಹೋಗಿ ನೀರು ಉಳಿದಿರಬೇಕು ಎಂದು ಆಗ ವಿವರಿಸಿದರು. ಅದರ ಹಿಂದಿನ ಮಂಗಳವರ್ಷದಲ್ಲೂ ಹಿಮ ಹೆಚ್ಚುಕಡಿಮೆ ಇದೇ ಹೊತ್ತಿಗೆ ಬಂದು ಸುಮಾರು ನೂರು ದಿನ ನಿಂತಿತ್ತು. ಅದರ ದಪ್ಪ ಅಂಗುಲದ ಸಾವಿರದಲ್ಲಿ ಒಂದು ಭಾಗ, ನಮ್ಮ ಚಪಾತಿ ಸುತ್ತುವ ಹಾಳೆ ಎರಡು ಮಡಿಕೆ ಹಾಕಿದಷ್ಟು.

ಹಿರಿಯರು ಚಿತ್ರವನ್ನು ಸ್ವಲ್ಪ ಹೊತ್ತು ನೋಡಿದರು. “ನಮ್ ಕಡಿ ತೊಗರಿ ಹೂವಿಗಿ ಬಂದಾಗ ಮಂಜ್ ಬಿದ್ರ ಹಿಂಗೇ ಕಾಣ್ತದ್ರಿ,” ಎಂದು ಕುಳಿತುಕೊಂಡರು.